ಈಶಾನ್ಯಕ್ಕೆ ಭಾರವಾದ ಚಾರ್ಟುಗಳು

ಕಂಪ್ಯೂಟರ್ ತಾನಾಗಿಯೇ ಕೆಲಸ ಮಾಡುವ ಹಾಗೆ ಮ್ಯಾಕ್ರೊ ಬರೆಯಲು ನಾನು ಕಲಿತದ್ದು ಅದರ ಮೇಲಿನ ಪ್ರೀತಿಯಿಂದಲ್ಲ. ಶನಿವಾರ ಮಧ್ಯಾಹ್ನ ಗಂಡನ ಜೊತೆ ಕೂತು ಬಿಸಿ ಮುದ್ದೆ ಉಣ್ಣಬೇಕು ಅನ್ನುವ ಒಂದೇ ಆಸೆಯಿಂದ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಯಾರು ಯಾವ ವಿದ್ಯೆಯನ್ನು ಯಾಕೆ ಕಲಿತರು ಎಂದು ಕೆದಕುತ್ತ ಹೋದರೆ ಬಹಳ ಜನರ ಬುಡದಲ್ಲಿ ಇಂಥದ್ದೇ ಏನಾದರೂ ಸಿಗುತ್ತದೆ ಎಂಬುದು ನನ್ನ ಗುಮಾನಿ.

2008ರಲ್ಲಿ ನಾನು ಯಲಹಂಕದ ಒಬ್ಬ ಬಿಲ್ಡರ್ ಆಫೀಸಿಗೆ ಸೇರಿದೆ. ಬಿಕಾಂ ಓದಿದ್ದೆ, ಟೈಪಿಂಗ್ ಬರುತ್ತಿತ್ತು, ಮೌಸ್ ಹಿಡಿಯುವಾಗ ಕೈ ನಡುಗುತ್ತಿರಲಿಲ್ಲ. ಅಷ್ಟಕ್ಕೇ ಎಲ್ಲರೂ ನನ್ನನ್ನು ‘ಕಂಪ್ಯೂಟರ್ ಮೇಡಂ’ ಎಂದು ಕರೆದರು. ಓನರ್ ಚಿಕ್ಕಜಾಲದ ಕಡೆಯವರು. ಮೊನ್ನೆಮೊನ್ನೆಯವರೆಗೂ ದ್ರಾಕ್ಷಿ ಬೆಳೆಯುತ್ತಿದ್ದವರು, ಏರ್‌ಪೋರ್ಟ್ ಬಂದದ್ದೇ ತಡ ಚಪ್ಪರ ಕಿತ್ತು ಪಿಲ್ಲರ್ ಎಬ್ಬಿಸಿದ್ದರು. ಏಕಕಾಲಕ್ಕೆ ನಾಲ್ಕು ಅಪಾರ್ಟ್‌ಮೆಂಟ್ ಏಳುತ್ತಿದ್ದವು. ಪ್ರತಿ ಸೋಮವಾರ ಬೆಳಗ್ಗೆ ಹತ್ತಕ್ಕೆ ಮೀಟಿಂಗ್. ಯಾವ ಕಟ್ಟಡ ಎಲ್ಲಿಗೆ ಬಂತು ಎಂದು ಗೋಡೆಯ ಮೇಲೆ ಚಾರ್ಟ್ ಹಾಕಿ ತೋರಿಸುವುದು ನನ್ನ ಕೆಲಸ. ಒಂದೊಂದು ಕಟ್ಟಡಕ್ಕೆ ಆರು ಚಾರ್ಟ್, ಒಟ್ಟು ಇಪ್ಪತ್ತನಾಲ್ಕು.

ಮೊದಲ ಸೋಮವಾರ ನಾನು ತುಂಬಾ ಮುತುವರ್ಜಿಯಿಂದ ಮಾಡಿಕೊಂಡು ಹೋಗಿದ್ದೆ. ಜನವರಿಯಲ್ಲಿ ಚಿಕ್ಕ ಕಂಬ, ಫೆಬ್ರವರಿಯಲ್ಲಿ ಇನ್ನೊಂದು ಚೂರು ದೊಡ್ಡದು, ಹಾಗೇ ಬಲಕ್ಕೆ ಹೋಗುತ್ತ ಹೋಗುತ್ತ ಮೇಲಕ್ಕೇರಿದ್ದವು. ಓನರ್ ಬಹಳ ಹೊತ್ತು ದಿಟ್ಟಿಸಿದರು. ಮೆಚ್ಚಿಕೊಂಡರು ಎಂದುಕೊಂಡೆ.

“ಇದ್ರಾಗೆ ಉತ್ತರ ಯಾವ್ ಕಡೆ ಬರ್ತದಮ್ಮ?” ಎಂದರು.

ನಕ್ಷೆಯಲ್ಲಿ ಉತ್ತರ ಯಾವಾಗಲೂ ಮೇಲೆ ಎಂದು ಸ್ಕೂಲಿನಲ್ಲಿ ಕಲಿತಿದ್ದೆ. ಯೋಚಿಸದೆ “ಮೇಲ್ಗಡೆ ಸಾರ್” ಎಂದುಬಿಟ್ಟೆ. ಆ ಎರಡು ಪದ ನನ್ನ ಮೂರು ವರ್ಷ ತಿಂದವು.

“ಅಂಗಾರೆ ಬಲಗಡೆ ಮ್ಯಾಲ್ಗಡೆ ಅಂದ್ರೆ ಈಶಾನ್ಯ. ಈಶಾನ್ಯದಾಗೆ ಇಷ್ಟೊಂದ್ ಭಾರ ಏರಿದ್ದೀಯಲ್ಲ ತಾಯಿ, ನಮ್ ಬಿಲ್ಡಿಂಗು ಉಳೀತದಾ?”

ಇದು ಕಟ್ಟಡವಲ್ಲ, ಬರೀ ಲೆಕ್ಕದ ಚಿತ್ರ ಎಂದು ಹೇಳಿ ನೋಡಿದೆ. ಅವರು ಒಪ್ಪಲಿಲ್ಲ. ಸಾಲಾಗಿ ನಿಂತ ಚೌಕಾಕಾರದ ಕಂಬಗಳನ್ನು ಕಟ್ಟಡವಲ್ಲ ಎಂದು ಒಬ್ಬ ಬಿಲ್ಡರ್‌ಗೆ ನಂಬಿಸುವುದು ಸುಲಭವಲ್ಲ. ವಾಸ್ತು ಪ್ರಕಾರ ಎತ್ತರವೆಲ್ಲ ನೈಋತ್ಯದ ಕಡೆ ಇರಬೇಕು, ಈಶಾನ್ಯ ತಗ್ಗಾಗಿರಬೇಕು. ಹಾಗಾಗಿ ಈ ತಿಂಗಳ ದೊಡ್ಡ ಕಂಬ ಎಡತುದಿಗೆ ಬರಬೇಕು, ಹಳೆಯ ತಿಂಗಳುಗಳ ಕುಳ್ಳ ಕಂಬಗಳು ಬಲಕ್ಕೆ ಹೋಗಬೇಕು ಎಂದು ತೀರ್ಮಾನವಾಯಿತು. ಬಣ್ಣಗಳ ವಿವರದ ಡಬ್ಬಿ ಆಗ್ನೇಯಕ್ಕೆ. ಮೇಲೆ ಬಲಮೂಲೆಯಲ್ಲಿದ್ದ ಕಂಪನಿಯ ಗುರುತನ್ನು ತೆಗೆಸಿ, ಈಶಾನ್ಯ ನೀರಿನ ಜಾಗವೆಂದು ಅಲ್ಲಿ ಬೋರ್‌ವೆಲ್ಲಿನ ನೀರಿನ ಮಟ್ಟ ಬರೆಸಿದರು. ದುಂಡನೆಯ ಪೈ ಚಾರ್ಟನ್ನು ನೋಡಿ ಮುಖ ಸಿಂಡರಿಸಿದವರು, ನಡುವೆ ತೂತಿದ್ದ, ಉದ್ದಿನ ವಡೆಯ ಹಾಗಿನ ಚಾರ್ಟನ್ನು ನೋಡಿ ಮಾತ್ರ ಖುಷಿಯಾದರು. “ನಡುಮಧ್ಯ ಖಾಲಿ ಬಿಟ್ಟಿದ್ದೀಯ ನೋಡು, ಬ್ರಹ್ಮಸ್ಥಾನ. ಇದು ತೊಟ್ಟಿಮನೆ ಇದ್ದಂಗದೆ” ಎಂದು ಅದಕ್ಕೊಂದು ನಮಸ್ಕಾರವನ್ನೂ ಹಾಕಿದರು.

ಒಂದು ಚಾರ್ಟನ್ನು ಎಡಬಲ ಮಾಡುವುದು ದೊಡ್ಡ ಕೆಲಸವೇನಲ್ಲ. ಮೌಸಿನ ಬಲಗುಂಡಿ ಒತ್ತಿ, ಪಟ್ಟಿ ತೆರೆದು, ‘ತಿರುಗಿಸು’ ಎನ್ನುವಲ್ಲಿ ಗುರುತು ಹಾಕಬೇಕು. ಹಾಕಿದ ಕೂಡಲೇ ಎಡಗಡೆಯಿದ್ದ ಅಂಕಿಗಳೆಲ್ಲ ಹಾರಿ ಬಲಗಡೆಗೆ ಹೋಗಿ ನಿಲ್ಲುತ್ತವೆ. ಅವುಗಳನ್ನು ಎಳೆದು ತರಬೇಕು. ಆಮೇಲೆ ಡಬ್ಬಿಯನ್ನು ಆಗ್ನೇಯಕ್ಕೆ ತಳ್ಳಬೇಕು. ಇದನ್ನು ಇಪ್ಪತ್ತನಾಲ್ಕು ಸಲ ಮಾಡಬೇಕು, ಪ್ರತಿ ವಾರ ಮಾಡಬೇಕು, ಅದೂ ಶನಿವಾರವೇ ಮಾಡಬೇಕು, ಯಾಕೆಂದರೆ ಸೈಟುಗಳಿಂದ ವಾರದ ಲೆಕ್ಕ ಬರುತ್ತಿದ್ದದ್ದೇ ಶನಿವಾರ ಹನ್ನೆರಡಕ್ಕೆ. ಹೆಸರಿಗೆ ಶನಿವಾರ ಅರ್ಧ ದಿನ, ಒಂದಕ್ಕೆ ಬಿಡುವು. ನಾನು ಏಳುತ್ತಿದ್ದದ್ದು ಸಂಜೆ ಆರಕ್ಕೆ.

ನನ್ನ ಗಂಡ ಸಿಟಿ ಬಸ್ ಡ್ರೈವರ್. ಆಗ ಅವರಿಗೆ ಯಾವಾಗಲೂ ಎರಡನೇ ಪಾಳಿ. ನಾನು ಬೆಳಗ್ಗೆ ಗಂಗಾನಗರದ ಮನೆಯಿಂದ ಹೊರಡುವಾಗ ಅವರು ಮಲಗಿರುತ್ತಿದ್ದರು, ಅವರು ಡಿಪೋದಿಂದ ಬರುವಾಗ ನಾನು ಮಲಗಿರುತ್ತಿದ್ದೆ. ಅವರ ವಾರದ ರಜೆ ಶನಿವಾರ, ನನ್ನದು ಭಾನುವಾರ, ಅವತ್ತು ಅವರು ಬೆಳಗ್ಗೆಯೇ ಓವರ್ಟೈಮ್ ಎಂದು ಹೊರಟುಬಿಡುತ್ತಿದ್ದರು. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಎಚ್ಚರವಾಗಿ ಒಂದೇ ಮನೆಯಲ್ಲಿರುವ ಹೊತ್ತು ಎಂದರೆ ಶನಿವಾರ ಮಧ್ಯಾಹ್ನದಿಂದ ರಾತ್ರಿಯವರೆಗೆ, ಅಷ್ಟೇ. ಅವತ್ತು ಅಡುಗೆ ಅವರದು. ಉಪ್ಸಾರು, ಮುದ್ದೆ. ಬೇರೆ ಏನೂ ಬರುತ್ತಿರಲಿಲ್ಲ, ಆದರೆ ಆ ಎರಡನ್ನು ನನಗಿಂತ ಚೆನ್ನಾಗಿ ಮಾಡುತ್ತಿದ್ದರು.

ನಾನು ಸಂಜೆ ಏಳಕ್ಕೆ ಮನೆಗೆ ಬಂದರೆ ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟಿರುತ್ತಿತ್ತು. ತೆಗೆದರೆ ಮುದ್ದೆ ಕಲ್ಲಾಗಿರುತ್ತಿತ್ತು.

“ನೀವು ಉಂಡ್ರಾ?”

“ನೀನ್ ಬರ್ದೆ ನಾನ್ ಹೆಂಗೆ ಉಣ್ಲಿ?” ಎನ್ನುತ್ತಿದ್ದರು, ಬೇಜಾರಿಲ್ಲದ ದನಿಯಲ್ಲಿ. ಬೇಜಾರು ಮಾಡಿಕೊಂಡಿದ್ದರೆ ಜಗಳವಾಡಬಹುದಿತ್ತು. ಅದೂ ಇಲ್ಲ. ಒಲೆ ಹಚ್ಚಿ ಹೊಸದಾಗಿ ಮುದ್ದೆ ತಿರುವಿ, ಇಬ್ಬರೂ ಉಣ್ಣುವ ಹೊತ್ತಿಗೆ ಎಂಟಾಗುತ್ತಿತ್ತು. ಆರು ದಿನ ಬಸ್ಸು ಓಡಿಸಿದ ಮನುಷ್ಯ ಏಳನೆಯ ದಿನ ನನ್ನ ಇಪ್ಪತ್ತನಾಲ್ಕು ಚಾರ್ಟುಗಳ ದೆಸೆಯಿಂದ ಸಂಜೆಯವರೆಗೆ ಹಸಿದು ಕೂರುತ್ತಾರಲ್ಲ ಎಂದು ನನಗೆ ಸಂಕಟವಾಗುತ್ತಿತ್ತು. ವಾರವಿಡೀ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಒಂದು ಶನಿವಾರ ಎಕ್ಸೆಲ್‌ನ ಪಟ್ಟಿಗಳಲ್ಲಿ ಸುಮ್ಮನೆ ತಡಕಾಡುವಾಗ ‘ಮ್ಯಾಕ್ರೊ ರೆಕಾರ್ಡ್ ಮಾಡು’ ಎಂಬ ಗುಂಡಿ ಕಣ್ಣಿಗೆ ಬಿತ್ತು. ಒತ್ತಿದೆ. ಒಂದು ಚಾರ್ಟನ್ನು ಎಂದಿನಂತೆ ತಿರುಗಿಸಿ ನಿಲ್ಲಿಸಿದೆ. ನಾನು ಮಾಡಿದ್ದನ್ನೆಲ್ಲ ಅದು ಒಳಗೊಳಗೇ ಬರೆದುಕೊಂಡಿತ್ತು. ಮತ್ತೆ ಒತ್ತಿದರೆ ಇನ್ನೊಂದು ಚಾರ್ಟು ತಾನಾಗಿಯೇ ತಿರುಗಿತು. ಅಂಕಿಗಳು ಹಾರಿ ಹೋಗಿ ವಾಪಸ್ ಬಂದವು, ಡಬ್ಬಿ ಆಗ್ನೇಯಕ್ಕೆ ಹೋಗಿ ಕೂತಿತು. ಮೂರು ವಾರ ಒದ್ದಾಡಿ, ಇಪ್ಪತ್ತನಾಲ್ಕೂ ಒಂದೇ ಏಟಿಗೆ ತಿರುಗಿ ಸ್ಲೈಡುಗಳ ಮೇಲೆ ಕೂರುವ ಹಾಗೆ ಮಾಡಿದೆ. ಆ ಮ್ಯಾಕ್ರೊಗೆ ಒಂದು ಹೆಸರು ಕೊಡಬೇಕಿತ್ತು. ‘ಮುದ್ದೆ’ ಎಂದು ಕೊಟ್ಟೆ.

ಅದಕ್ಕೆ ಇನ್ನೊಂದು ಗುಣವನ್ನೂ ಸೇರಿಸಿದ್ದೆ. ಮೂರು ತಿಂಗಳಿಗೊಮ್ಮೆ ಫ್ಲಾಟ್ ಬುಕ್ ಮಾಡಿದವರು ಸೈಟಿಗೆ ಬಂದು ಪ್ರಗತಿ ನೋಡುತ್ತಿದ್ದರು. ಅವರಿಗೆ ವಾಸ್ತುವಿನ ಚಾರ್ಟ್ ತೋರಿಸಿದರೆ ಕೆಲಸ ದಿನೇದಿನೇ ಇಳಿಯುತ್ತಿರುವ ಹಾಗೆ ಕಾಣುತ್ತಿತ್ತು. ಹಾಗಾಗಿ ‘ಮುದ್ದೆ’ಯನ್ನು ಒಮ್ಮೆ ಒತ್ತಿದರೆ ಓನರ್‌ಗೆ ಬೇಕಾದ ಹಾಗೆ, ಇನ್ನೊಮ್ಮೆ ಒತ್ತಿದರೆ ಲೋಕಕ್ಕೆ ಬೇಕಾದ ಹಾಗೆ. ಓನರ್ ಇದಕ್ಕೆ ಒಪ್ಪಿದ್ದರು, ಎರಡು ಷರತ್ತಿನ ಮೇಲೆ. ಈಶಾನ್ಯ ಭಾರವಾದ ಚಾರ್ಟುಗಳು ತಮ್ಮ ಕಾರಿನಲ್ಲಿ ಪ್ರಯಾಣ ಮಾಡಬಾರದು, ಸೈಟಿಗೆ ಹೋದ ಮೇಲೇ ತಿರುಗಿಸಬೇಕು. ಮತ್ತು ತಿರುಗಿಸುವಾಗ ತಾವು ಅಲ್ಲಿರುವುದಿಲ್ಲ, ಹೊರಗೆ ಹೋಗಿ ಟೀ ಕುಡಿಯುತ್ತಿರುತ್ತಾರೆ.

ಸುಮಾರು ಒಂದು ವರ್ಷ ನನ್ನದು ರಾಜಯೋಗ. ಶನಿವಾರ ಹನ್ನೆರಡಕ್ಕೆ ಲೆಕ್ಕ ತುಂಬಿ, ಗುಂಡಿ ಒತ್ತಿ, ಒಂದಕ್ಕೆ ಗಂಡನಿಗೆ ಫೋನ್ ಮಾಡಿ ‘ಹೊರಟೆ’ ಎಂದು ಹೇಳಿ ಬಸ್ ಹತ್ತುತ್ತಿದ್ದೆ. ನಾನು ಮೆಟ್ಟಿಲು ಹತ್ತುವಾಗ ಅವರು ಮುದ್ದೆ ಕಟ್ಟುತ್ತಿರುತ್ತಿದ್ದರು. ಉಂಡು, ಎಲೆಅಡಿಕೆ ಹಾಕಿಕೊಂಡು, ಅವರ ರೂಟಿನಲ್ಲಿ ಯಾರು ಯಾರ ಜೊತೆ ಜಗಳವಾಡಿದರು ಎಂದು ಕೇಳುತ್ತ ನೆಲದ ಮೇಲೇ ಮಲಗಿಬಿಡುತ್ತಿದ್ದೆ. ಆಫೀಸಿನಲ್ಲಿ ಮಾತ್ರ ಯಾರಿಗೂ ಗುಟ್ಟು ಬಿಟ್ಟುಕೊಡಲಿಲ್ಲ. ಕೆಲಸ ಐದು ನಿಮಿಷದ್ದು ಎಂದು ಗೊತ್ತಾದರೆ ಉಳಿದ ಹೊತ್ತಿಗೆ ಇನ್ನೇನಾದರೂ ತಗುಲಿಹಾಕುತ್ತಾರೆ.

ಆಮೇಲೆ ಎಕ್ಸೆಲ್ಲಿನ ಹೊಸ ವರ್ಷನ್, ಅಂದರೆ ಹೊಸ ಆವೃತ್ತಿ, ಬಂತು. ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಒಂದೇ ದಿನ ಬದಲಾಯಿಸಿದರು. ಮೇಲಿದ್ದ ಪಟ್ಟಿಗಳೆಲ್ಲ ಮಾಯವಾಗಿ ಅಲ್ಲೊಂದು ಅಗಲವಾದ ರಿಬ್ಬನ್ನು ಬಂದು ಕೂತಿತ್ತು. ‘ಮುದ್ದೆ’ ಒತ್ತಿದೆ. ಏನೂ ಆಗಲಿಲ್ಲ. ತಪ್ಪಾಗಿದೆ ಎಂದಾದರೂ ಹೇಳಬೇಕಲ್ಲ, ಅದೂ ಇಲ್ಲ. ಇದು ನನ್ನದೇ ಘನಕಾರ್ಯ. ಹಿಂದೊಮ್ಮೆ ಪದೇಪದೇ ಕೆಂಪು ಎಚ್ಚರಿಕೆ ಬರುತ್ತಿದೆ ಎಂದು ಸಿಟ್ಟಾಗಿ, ‘ಏನೇ ಎಡವಟ್ಟಾದರೂ ಬಾಯಿ ಮುಚ್ಚಿಕೊಂಡು ಮುಂದೆ ಹೋಗು’ ಎಂಬ ಅರ್ಥದ ಒಂದು ಸಾಲನ್ನು ಮೊದಲಲ್ಲೇ ಹಾಕಿಟ್ಟಿದ್ದೆ. ಪಾಪ, ಅದು ಹೇಳಿದಂತೆ ಕೇಳುತ್ತಿತ್ತು.

ಹೋಗಲಿ, ಹೊಸದಾಗಿ ರೆಕಾರ್ಡ್ ಮಾಡೋಣ ಎಂದು ಗುಂಡಿ ಒತ್ತಿ, ಅರ್ಧ ಗಂಟೆ ಎಚ್ಚರಿಕೆಯಿಂದ ಒಂದೊಂದೇ ಹೆಜ್ಜೆ ಮಾಡಿ ನಿಲ್ಲಿಸಿದೆ. ತೆರೆದು ನೋಡಿದರೆ ಒಳಗೆ ಖಾಲಿ. ಆ ವರ್ಷನ್ನಿನಲ್ಲಿ ಚಾರ್ಟಿಗೆ ಮಾಡುವ ಅಲಂಕಾರವನ್ನೆಲ್ಲ ರೆಕಾರ್ಡರು ಬರೆದುಕೊಳ್ಳುತ್ತಲೇ ಇರಲಿಲ್ಲ. ಗುಂಡಿ ಇದೆ, ಕೆಂಪು ದೀಪ ಇದೆ, ಕೇಳಿಸಿಕೊಳ್ಳುವ ಕಿವಿ ಇಲ್ಲ. ಮತ್ತೆ ಶನಿವಾರ ಸಂಜೆ ಏಳು, ಮತ್ತೆ ತಟ್ಟೆಯ ಮೇಲೆ ತಟ್ಟೆ. ಒಂದು ದಿನ ಆ ಕಲ್ಲು ಮುದ್ದೆಯನ್ನು ನೋಡಿ ಅಡುಗೆಮನೆಯಲ್ಲಿ ನಿಂತು ಅತ್ತೇಬಿಟ್ಟೆ. ಗಂಡ ಗಾಬರಿಯಾಗಿ, ಯಾರೋ ಹೋಗಿಬಿಟ್ಟರು ಎಂದುಕೊಂಡು ನೀರು ತಂದುಕೊಟ್ಟರು.

ಅಳು ನಿಂತ ಮೇಲೆ ಹಠ ಬಂತು. ಹೆಬ್ಬಾಳದ ಒಂದು ಇಂಟರ್ನೆಟ್ ಸೆಂಟರಿನಲ್ಲಿ ಕೂತು, ಯಾವ್ಯಾವುದೋ ದೇಶದವರು ಬರೆದದ್ದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ರೆಕಾರ್ಡರಿನ ಹಂಗಿಲ್ಲದೆ ನಾನೇ ಕೈಯಾರೆ ಮ್ಯಾಕ್ರೊ ಬರೆಯಲು ಕಲಿತೆ. ಹಳೆಯ ವರ್ಷನ್ನಿನ ನಂಬರು ಹನ್ನೊಂದು, ಹೊಸದರದು ಹನ್ನೆರಡು ಎಂದು ಗೊತ್ತಾಯಿತು. ಸೈಟಿನ ಲ್ಯಾಪ್‌ಟಾಪಿನಲ್ಲಿ ಇನ್ನೂ ಹಳೆಯದೇ ಇತ್ತು. ಹಾಗಾಗಿ ಹೀಗೆ ಬರೆದೆ: ಹನ್ನೊಂದಾಗಿದ್ದರೆ ಹೀಗೆ ತಿರುಗಿಸು, ಹನ್ನೆರಡಾಗಿದ್ದರೆ ಹಾಗೆ ತಿರುಗಿಸು. ಇನ್ನೊಮ್ಮೆ ಮೋಸಹೋಗಬಾರದೆಂದು, ಮುಂದೆ ಬರಲಿರುವುದಕ್ಕೂ ಈಗಲೇ ಏರ್ಪಾಡು ಮಾಡಿಟ್ಟೆ. ಹದಿಮೂರಾಗಿದ್ದರೂ ಹಾಗೇ ತಿರುಗಿಸು. ಆ ಸಾಲು ಬರೆದ ದಿನ ನನ್ನ ಮುಂದಾಲೋಚನೆಗೆ ನಾನೇ ಬೆರಗಾಗಿ, ಬರುವಾಗ ಒಂದು ಮೊಳ ಮಲ್ಲಿಗೆ ಕೊಂಡು ಮುಡಿದುಕೊಂಡೆ.

ಅಲ್ಲಿಂದ ಕೆಲವು ತಿಂಗಳು ಶನಿವಾರಗಳು ಮತ್ತೆ ನನ್ನವಾದವು. ಹೀಗಿರುವಾಗ ಒಂದು ಶನಿವಾರ ಬೆಳಗ್ಗೆ ಚಿಕ್ಕಜಾಲದ ಸೈಟ್ ಆಫೀಸಿನಲ್ಲಿ ಫ್ಲಾಟ್ ಬುಕ್ ಮಾಡಿದವರ ಸಭೆ. ಹನ್ನೊಂದಕ್ಕೆ ಶುರು, ಹನ್ನೆರಡಕ್ಕೆ ಮುಗಿದರೆ ಎರಡರೊಳಗೆ ಮನೆಯಲ್ಲಿರಬಹುದೆಂದು ಲೆಕ್ಕ ಹಾಕಿಕೊಂಡು ಹೋದೆ. ಮೂವತ್ತು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಸೈಟ್ ಎಂಜಿನಿಯರ್ ಮುಖ ಅರಳಿಸಿಕೊಂಡು ಬಂದ. ಇಪ್ಪತ್ತೈದರ ಹುರುಪಿನ ಮನುಷ್ಯ.

“ಮೇಡಂ, ನಿಮಗೊಂದು ಸರ್ಪ್ರೈಸ್. ಹೊಸ ಲ್ಯಾಪ್‌ಟಾಪ್ ಬಂದಿದೆ. ಎಲ್ಲಾ ಲೇಟೆಸ್ಟು.”

ಹಿಂದೊಮ್ಮೆ ಹೊಸದು ಬಂದಾಗ ಆದದ್ದು ನೆನಪಾಯಿತು. ಆದರೆ ಹದಿಮೂರಕ್ಕೆ ಏರ್ಪಾಡು ಮಾಡಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಓನರ್ ಷರತ್ತಿನಂತೆ ಟೀ ಕುಡಿಯಲು ಹೊರಗೆ ಹೋದರು. ನಾನು ‘ಮುದ್ದೆ’ ಒತ್ತಿದೆ. ಒಂದೂ ಚಾರ್ಟು ಮಿಸುಕಲಿಲ್ಲ. ಮತ್ತೆ ಒತ್ತಿದೆ. ಮೂರನೆಯ ಸಲ ಒತ್ತುವಷ್ಟರಲ್ಲಿ ಎಂಜಿನಿಯರ್ ಉತ್ಸಾಹದಿಂದ ಪ್ರೊಜೆಕ್ಟರಿನ ತಂತಿ ಸಿಕ್ಕಿಸಿಬಿಟ್ಟ. ಗೋಡೆಯ ಮೇಲೆ ಚಾರ್ಟು ಮೂಡಿತು. ಎಡಗಡೆ ಎತ್ತರದ ಕಂಬ, ಅಲ್ಲಿಂದ ಬಲಕ್ಕೆ ಇಳಿಯುತ್ತ ಇಳಿಯುತ್ತ ಕೊನೆಯಲ್ಲೊಂದು ಗುಬ್ಬಚ್ಚಿಯಷ್ಟು ಕಂಬ.

ಮುಂದಿನ ಸಾಲಿನಲ್ಲಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು ಕನ್ನಡಕ ಸರಿಮಾಡಿಕೊಂಡರು. “ಏನ್ರೀ ಇದು, ಆರು ತಿಂಗಳಿಂದ ಕೆಲಸ ಇಳೀತಾ ಇದ್ಯಲ್ಲ? ನೀವು ಕಟ್ತಿದೀರೋ, ಕೆಡವ್ತಿದೀರೋ?”

“ಸಾರ್, ಅದನ್ನ ಬಲಗಡೆಯಿಂದ ಓದ್ಬೇಕು” ಎಂದೆ.

“ಯಾಕ್ರೀ ಬಲಗಡೆಯಿಂದ?”

ಯಾಕೆ ಎಂದು ಮೂವತ್ತು ಜನರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಮುಂದಿನ ಸ್ಲೈಡ್ ಹಾಕಿದೆ, ಅದೂ ಇಳಿಯುತ್ತಿತ್ತು. ಅದರ ಮುಂದಿನದೂ ಇಳಿಯುತ್ತಿತ್ತು. ಗದ್ದಲ ಕೇಳಿ ಓನರ್ ಟೀ ಲೋಟ ಹಿಡಿದೇ ಒಳಗೆ ಬಂದರು. ಪರದೆಯನ್ನು ನೋಡಿದರು, ವಾಸ್ತು ಸರಿಯಾಗಿಯೇ ಇತ್ತು. ಜನರನ್ನು ನೋಡಿದರು, ಅದು ಸರಿಯಿರಲಿಲ್ಲ.

“ಸ್ವಾಮಿ, ಗೋಡೆ ಯಾಕ್ ನೋಡ್ತೀರಾ? ಬಿಲ್ಡಿಂಗೇ ಇಲ್ಲಿ ಅದೆ. ಬನ್ನಿ, ಮ್ಯಾಕ್ ಅತ್ತಿ ಎಣ್ಸ್‌ಕೊಳಿ” ಎಂದು ಮೂವತ್ತು ಜನರನ್ನೂ ಐದು ಮಹಡಿ ಹತ್ತಿಸಿದರು. ಮೇಷ್ಟ್ರು ಒಂದೊಂದು ಮಹಡಿಯಲ್ಲೂ ನಿಂತು ಬೆರಳು ಮಡಚಿ ಎಣಿಸಿ, ಹೋದ ಸಲಕ್ಕಿಂತ ಎರಡು ಜಾಸ್ತಿ ಇದೆ ಎಂದು ಘೋಷಿಸಿದರು. ಎಲ್ಲರೂ ಬೆವರು ಒರೆಸಿಕೊಂಡು ಕೆಳಗೆ ಬಂದು, ಬೋಂಡಾ ತಿಂದು ಸಂತೋಷವಾಗಿ ಹೋದರು. ಅಲ್ಲಿಗೆ ಹನ್ನೆರಡೂವರೆ.

ಓನರ್ ನನ್ನನ್ನೂ ಎಂಜಿನಿಯರನ್ನೂ ಒಳಗೆ ಕರೆದರು. ಕೆಲಸ ಹೋಯಿತು ಎಂದೇ ಅಂದುಕೊಂಡೆ.

“ಏನಾಯ್ತಮ್ಮ?”

“ಸಾರ್, ಹನ್ನೊಂದಕ್ಕೆ ಬರ್ದಿದ್ದೆ, ಹನ್ನೆರಡಕ್ಕೆ ಬರ್ದಿದ್ದೆ, ಮುಂದೆ ಬರತ್ತಲ್ಲ ಅಂತ ಹದಿಮೂರಕ್ಕೂ ಬರ್ದಿದ್ದೆ. ಈ ಲ್ಯಾಪ್‌ಟಾಪಲ್ಲಿ ಇರೋದು ಹದಿನಾಲ್ಕು. ಹದಿಮೂರು ಬರ್ಲೇ ಇಲ್ಲ.”

“ಅದೆಂಗಮ್ಮ? ಅದಿಮೂರು ಎಲ್ ಓಯ್ತು?”

ಅಷ್ಟರಲ್ಲಿ ಫೋನಿನಲ್ಲಿ ಹುಡುಕುತ್ತಿದ್ದ ಎಂಜಿನಿಯರ್ ತಲೆ ಎತ್ತಿದ. “ಹದಿಮೂರು ಅಪಶಕುನ ಅಂತ ಆ ಕಂಪನಿಯವ್ರೇ ಬಿಟ್ಬಿಟ್ರಂತೆ ಸಾರ್. ಹನ್ನೆರಡಾದ್ಮೇಲೆ ಸೀದಾ ಹದಿನಾಲ್ಕು.”

ಓನರ್ ಮುಖದ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ದಿನ ತಮ್ಮನ್ನು ನೋಡಿ ಒಳಗೊಳಗೇ ನಕ್ಕ ನಮ್ಮಿಬ್ಬರ ಮೇಲೂ ಅವರು ಒಂದು ಸಲ ಕಣ್ಣಾಡಿಸಿದರು. “ನೋಡ್ದಾ? ಕಂಪೂಟ್ರು ಮಾಡ್ದೋರ್ಗೇ ಗೊತ್ತು” ಎಂದರು.

ಆಮೇಲೆ, “ಅಲ್ಲಮ್ಮ, ಕೈಯಾಗೆ ನಿಧಾನಕ್ಕೆ ಮಾಡ್ಕೊಂಡಿದ್ರೆ ಆಗ್ತಿರ್ಲಿಲ್ವಾ? ಈ ಗುಂಡಿಗಿಂಡಿ ಯಾಕ್ ಬೇಕಿತ್ತು?” ಎಂದರು.

ಆಗ ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಶನಿವಾರ ಒಂದೇ ದಿನ ನಾವಿಬ್ಬರೂ ಮನೆಯಲ್ಲಿರುವುದು, ಇಪ್ಪತ್ತನಾಲ್ಕು ಚಾರ್ಟು, ಹಳೆಯ ವರ್ಷನ್ನು, ಹೊಸ ವರ್ಷನ್ನು, ನನ್ನ ಗಂಡ ನಾನು ಬರುವವರೆಗೆ ತುತ್ತು ಮುಟ್ಟದೆ ಕೂರುವುದು. ಮ್ಯಾಕ್ರೊ ವಿಷಯ ಓನರ್‌ಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಕೊನೆಯ ಮಾತು ಮಾತ್ರ ನಾಟಿತು.

“ಮೂರು ವರ್ಸದಿಂದ ಒಬ್ಬ ಮನುಷ್ಯ ಅಸ್ಕೊಂಡು ಕೂತವ್ನೆ. ನಂಗೆ ಒಂದ್ ಮಾತು ಅನ್ಬಾರ್ದಿತ್ತಾ ತಾಯಿ? ಆ ಚಾರ್ಟು ಸೋಮವಾರ ಮಾಡು. ಮೀಟಿಂಗು ಮಧ್ಯಾಹ್ನ ಇಟ್ಕೊಂಡ್ರಾಯ್ತು.”

ಅಷ್ಟೇ. ಮೂರು ವರ್ಷ ಗುಂಡಿ ಒತ್ತುತ್ತ, ಇಂಟರ್ನೆಟ್ ಸೆಂಟರಿನಲ್ಲಿ ಕೂತು ನಾನು ಬಿಡಿಸಿದ ಸಮಸ್ಯೆಯನ್ನು ಅವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಬಿಡಿಸಿದರು. ಕೇಳಬಹುದು ಎಂಬುದೇ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಡ್ರೈವರನ್ನು ಕರೆದು, “ಈಗಿಂದೀಗ್ಲೇ ಇವರ್ನ ಮನೇಗ್ ಬಿಟ್ಬಾ, ಅಲ್ಲೊಬ್ಬ ಉಪವಾಸ ಅವ್ನೆ” ಎಂದು ತಮ್ಮ ಕಾರನ್ನೇ ಕೊಟ್ಟು ಕಳಿಸಿದರು.

ಯಾವಾಗಲೂ ಹೊರಡುವಾಗ ಫೋನ್ ಮಾಡುವವಳು ಅವತ್ತು ಬೇಕೆಂದೇ ಮಾಡಲಿಲ್ಲ. ಈ ಸುದ್ದಿಯನ್ನು ಮುಖ ನೋಡಿಯೇ ಹೇಳಬೇಕೆನಿಸಿತ್ತು. ಇನ್ನು ಮುಂದೆ ನೀವು ಹಸಿದುಕೊಂಡು ಕಾಯಬೇಕಾಗಿಲ್ಲ ಎಂದು ಹೇಗೆ ಹೇಳಲಿ ಎಂದು ಹೆಬ್ಬಾಳದ ಫ್ಲೈಓವರ್ ಇಳಿಯುವವರೆಗೂ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಒಂದೂ ಕಾಲಿಗೆ ಮನೆಯ ಬಾಗಿಲು ತಳ್ಳಿದೆ.

ನನ್ನ ಗಂಡ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಟಿವಿ ನೋಡುತ್ತ, ಉಪ್ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದರು. ಅರ್ಧ ಮುಗಿದಿತ್ತು. ಪಕ್ಕದಲ್ಲಿ ಇನ್ನೊಂದು ತಟ್ಟೆಯಲ್ಲಿ ಎರಡು ಮುದ್ದೆಗಳು ಆಗಲೇ ಮುಚ್ಚಿಟ್ಟು ತಯಾರಾಗಿದ್ದವು, ಕಲ್ಲಾಗಲೆಂದು.

ಅವರು ಬಾಯಲ್ಲಿದ್ದದ್ದನ್ನು ನುಂಗಿದರು.

“ಎಷ್ಟ್ ದಿನದಿಂದ ನಡೀತಿದೆ ಇದು?” ಎಂದೆ.

“ಮೊದಲ್ನಿಂದ” ಎಂದರು. ಬಸ್ಸು ತಾಗಿಸಿದ ಡ್ರೈವರಿನ ಮುಖವಿತ್ತು. “ಒಂದ್ ಗಂಟೆಗೆ ಹಸಿವಾಗತ್ತೆ ಕಣೇ. ನಿನ್ ಫೋನ್ ಬರ್ಲಿಲ್ಲ ಅಂದ್ರೆ ನೀನ್ ಬರೋದು ಸಂಜೇನೇ ಅಂತ ಉಂಡ್ಬಿಡ್ತೀನಿ. ನೀನು ಅಲ್ಲಿ ಊಟ ಇಲ್ದೆ ಕೆಲಸ ಮಾಡ್ತಿರ್ತೀಯ, ನಾನ್ ಇಲ್ಲಿ ಉಂಡೆ ಅಂತ ಹೆಂಗ್ ಹೇಳ್ಲಿ?”

ನಾನು ಊಟ ಬಿಡುತ್ತಿರಲಿಲ್ಲ. ತಡವಾದ ಪ್ರತಿ ಶನಿವಾರ ಒಂದೂವರೆಗೆ ಆಫೀಸಿನ ಕೆಳಗಿನ ದರ್ಶಿನಿಯಲ್ಲಿ ಒಂದು ಪ್ಲೇಟ್ ಪಲಾವ್ ತಿನ್ನುತ್ತಿದ್ದೆ. ಮನೆಯಲ್ಲಿ ಹಸಿದು ಕೂತವರಿಗೆ ಇದನ್ನು ಹೇಗೆ ಹೇಳುವುದೆಂದು ನಾನೂ ಹೇಳಿರಲಿಲ್ಲ. ಈಗ ಹೇಳಿದೆ.

ಅವರು ತಟ್ಟೆ ನೋಡುತ್ತ ಲೆಕ್ಕ ಹಾಕಿದರು. “ಅಂದ್ರೆ ಇಬ್ರೂ ಉಂಡು, ರಾತ್ರಿ ಎಂಟಕ್ಕೆ ಮತ್ತೆ ಹಸಿದವರ ಥರ ಉಣ್ತಿದ್ವಾ?”

“ನೀವು ಎರಡೆರಡು ಮುದ್ದೆ ಉಣ್ತಿದ್ರಿ” ಎಂದೆ.

“ನಿಂಗೆ ಅನುಮಾನ ಬರ್ಬಾರ್ದಲ್ಲ ಅಂತ. ತುಂಬಾ ಕಷ್ಟ ಆಗ್ತಿತ್ತು ಕಣೇ.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂರು ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದುಹೋಗಿತ್ತು. ಯಾರೂ ಹಸಿದಿರಲಿಲ್ಲ. ನನ್ನ ಮನೆಯಲ್ಲಿ ಒಂದು ದಿನವೂ ಯಾರೂ ನನಗಾಗಿ ಉಪವಾಸ ಬಿದ್ದಿರಲಿಲ್ಲ, ನನ್ನ ಜೊತೆ ಕೂರಬೇಕೆಂದು ತುಂಬಿದ ಹೊಟ್ಟೆಯ ಮೇಲೆ ಎರಡು ಮುದ್ದೆ ಇಳಿಸಿದ್ದರು. ನಾನು ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತೆ. ಅವರು ತಟ್ಟೆಯನ್ನು ನನ್ನ ಕಡೆಗೆ ಸರಿಸಿ, ಸ್ವಲ್ಪ ಜಾಗ ಬಿಟ್ಟುಕೊಟ್ಟರು. ಅವತ್ತು ಇಬ್ಬರಿಗೂ ನಿಜವಾಗಿ ಹಸಿವಾಗಿತ್ತು.